ಕಾಗೆ ಯಾರ ಮಾತಿಗೆ ಬಂತು

“ಕಾಗೆ ಬಂದಿದ್ದು ನನ್ನ ಮಾತಿಗೆ! ಊರೆಲ್ಲ ನಿಂತು ನೋಡಿದೆ. ಇನ್ನೊಂದ್ಸಲ ಅದು ಬರೀ ಕಾಗೆ ಅಂದ್ರೆ ಕಪಾಳಕ್ಕೆ ಬಾರಿಸಿಬಿಡ್ತೀನಿ ನೋಡು!”

“ಬಾರಿಸಿ ಚಿಕ್ಕಪ್ಪ. ಬಾರಿಸಿದ ಮೇಲೂ ಅದು ಕಾಗೆನೇ.”

ಚನ್ನಕೇಶವ ಕೈ ಎತ್ತಿಯೇ ಬಿಟ್ಟ. ಕವನಾ ಮುಖ ತಿರುಗಿಸಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವನು ಬಾಗಿಲ ಚೌಕಟ್ಟಿಗೆ ಗುದ್ದಿದ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ನಲ್ಲಿ ನಿಲ್ಲಿಸಿ ಕಿವಿ ಕೊಟ್ಟರು.

“ಹೆತ್ತಪ್ಪ ಸತ್ತು ಹನ್ನೊಂದು ದಿನ ಆಗಿಲ್ಲ, ನಾಲಿಗೆ ನೋಡು ಇವಳದು” ಎಂದಳು ಹನುಮಕ್ಕ. ಅವಳು ಚನ್ನಕೇಶವನ ತಾಯಿ, ಕವನಾಳ ಅಜ್ಜಿ. ಸತ್ತವನು ಅವಳ ಹಿರಿಮಗ.

“ಹನ್ನೊಂದು ಆಯ್ತಲ್ಲ ಅಜ್ಜಿ. ಅದಕ್ಕೇ ತಾನೆ ಮೇಲೆ ಅಷ್ಟೊಂದು ಡ್ರಾಮಾ ಮಾಡಿದ್ದು?”

“ಕವನಾ, ಸುಮ್ನಿರೇ” ಎಂದಳು ತಾಯಿ ಲತಾ. ಗಂಡನ ಫೋಟೋದ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತ ಕೂತಿದ್ದ ಅವಳು ಬತ್ತಿ ಸರಿಮಾಡಿದಳು, ತಲೆ ಎತ್ತಲಿಲ್ಲ.

ಬೆಳಿಗ್ಗೆ ತಾರಸಿಯ ಮೇಲೆ ನಡೆದದ್ದನ್ನು ಹೇಳದಿದ್ದರೆ ಈ ಜಗಳ ಯಾರಿಗೂ ಅರ್ಥವಾಗದು.

ಅಂದು ಬೆಂಗಳೂರಿನ ಉಲ್ಲಾಳದ ಆ ಮನೆಯಲ್ಲಿ ಕವನಾಳ ಅಪ್ಪ ಮೋಹನ್ ಕುಮಾರನ ತಿಥಿ. ಮನೆಯ ಮುಂದೆ ರಸ್ತೆಗೆ ಅಡ್ಡವಾಗಿ ಶಾಮಿಯಾನ ಹಾಕಿತ್ತು. ಹಳೇ ಊರಿನ ನೆಂಟರು, ವಠಾರದ ಬಾಡಿಗೆಯವರು, ಚನ್ನಕೇಶವನ ಹಾರ್ಡ್‌ವೇರ್ ಅಂಗಡಿಗೆ ಬರುವ ಮೇಸ್ತ್ರಿಗಳು, ಎಲ್ಲ ಸೇರಿದ್ದರು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ತಾರಸಿಯ ಮೇಲೆ ಎಡೆ ಇಟ್ಟಿದ್ದರು. ಮುದ್ದೆ, ನಾಟಿ ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂಡಿ. ತಿಥಿ ಮಾಡಿಸಲು ಬಂದಿದ್ದ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿದ. ಇನ್ನು ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಸತ್ತವನ ಮನಸ್ಸು ಶಾಂತವಾಯಿತು ಎಂದು ಲೆಕ್ಕ. ಮುಟ್ಟುವ ತನಕ ಕೆಳಗೆ ಯಾರಿಗೂ ಎಲೆ ಹಾಕುವಂತಿಲ್ಲ.

ಕಾಗೆ ಬರಲಿಲ್ಲ.

ಬರಲಿಲ್ಲ ಎನ್ನುವುದೂ ಸರಿಯಲ್ಲ. ಒಂದು ಕಾಗೆ ಪಕ್ಕದ ಮನೆಯ ಡಿಶ್ ಆಂಟೆನಾದ ಮೇಲೆ ಬಂದು ಕೂತಿತ್ತು. ಕತ್ತು ಓರೆ ಮಾಡಿ ಎಲೆಯನ್ನೂ ಜನರನ್ನೂ ನೋಡುತ್ತಿತ್ತು. ಇಳಿಯುತ್ತಿರಲಿಲ್ಲ. ಬಂದದ್ದು ಪಾರಿವಾಳಗಳು. ಅವು ಮುಟ್ಟಿದರೆ ಎಡೆ ಕೆಟ್ಟಿತೆಂದು ಚನ್ನಕೇಶವ ಹೆಗಲ ಮೇಲಿನ ಟವಲ್ ತೆಗೆದು ಬೀಸತೊಡಗಿದ. ಪಾರಿವಾಳ ಹಾರುತ್ತಿದ್ದವು, ಮತ್ತೆ ಬರುತ್ತಿದ್ದವು. ಅವನು ಮತ್ತೆ ಬೀಸುತ್ತಿದ್ದ.

ಮೂರನೇ ದಿನ ಹಾಲುತುಪ್ಪ ಬಿಡಲು ಹೋದಾಗಲೂ ಹೀಗೇ ಆಗಿತ್ತು. ಸಮಾಧಿಯ ಗುಡ್ಡೆಯ ಹತ್ತಿರ ಇಟ್ಟದ್ದನ್ನು ನಾಯಿ ತಿಂದಿತ್ತು. ಆವತ್ತಿನಿಂದ ಜನ ಗುಸುಗುಸು ಮಾತಾಡುತ್ತಿದ್ದರು. ಮೋಹನ್ ಕುಮಾರ ಏನೋ ಮನಸ್ಸಲ್ಲಿಟ್ಟುಕೊಂಡು ಹೋಗಿದ್ದಾನೆ ಎಂದು. ಆ ಏನೋ ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಕವನಾ ಕೆಂಗೇರಿಯ ಒಂದು ಶಾಲೆಯಲ್ಲಿ ಟೀಚರ್. ಅವಳು ಮದುವೆಯಾಗಬೇಕೆಂದಿದ್ದ ಹುಡುಗ ದುಂಡೇಶ, ಬಾಗಲಕೋಟೆ ಕಡೆಯವನು. ವಾಟರ್ ಫಿಲ್ಟರ್ ರಿಪೇರಿ ಮಾಡುತ್ತಿದ್ದ. ಈ ಮನೆಯ ಫಿಲ್ಟರ್ ನೋಡಲು ಬಂದವನೇ ಅವಳ ಕಣ್ಣಿಗೆ ಬಿದ್ದಿದ್ದ. ಯುಗಾದಿಯ ಹೊತ್ತಿಗೆ ಅವಳು ಮನೆಯಲ್ಲಿ ಬಾಯಿ ಬಿಟ್ಟಳು. ಮೋಹನ್ ಕುಮಾರ ಆ ಹುಡುಗನ ಮುಖವನ್ನೂ ನೋಡುವುದಿಲ್ಲ ಎಂದ. ಬೇರೆ ಜಾತಿ, ಬೇರೆ ಸೀಮೆ, ಮಾಂಸ ಮುಟ್ಟದವನು. “ನಾಟಿ ಕೋಳಿ ಮನೆಗೆ ಶೇಂಗಾ ಚಟ್ನಿ ಅಳಿಯ” ಎಂದು ಚನ್ನಕೇಶವ ನೆಂಟರೆದುರು ಆಡಿಕೊಂಡು ನಕ್ಕಿದ್ದ.

ಆಮೇಲೆ ಒಂದು ಬೆಳಿಗ್ಗೆ ಮೋಹನ್ ಕುಮಾರ ಕೆರೆ ರಸ್ತೆಯಲ್ಲಿ ವಾಕಿಂಗ್ ಹೋಗಿದ್ದವನು ಎದೆ ಹಿಡಿದು ಬಿದ್ದ. ಜನ ಸುತ್ತ ನಿಂತರು, ಒಬ್ಬರೂ ಮುಟ್ಟಲಿಲ್ಲ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ಇಳಿದು ಬಂದು, ತನ್ನ ಬಾಟಲಿಯಿಂದ ಬಾಯಿಗೆ ನೀರು ಬಿಟ್ಟು, ಆಟೋ ನಿಲ್ಲಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲೇ ಜೀವ ಹೋಯಿತು. ಆ ಹುಡುಗ ದುಂಡೇಶ.

ಇಷ್ಟು ದೊಡ್ಡ ಬೆಂಗಳೂರಿನಲ್ಲಿ, ಆ ಹೊತ್ತಿಗೆ, ಆ ರಸ್ತೆಗೆ ಅವನೇ ಬಂದದ್ದು ಹೇಗೆ? ಎಲ್ಲರೂ ಅದನ್ನೇ ಕೇಳಿದರು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಇವನ ಮುಖ ಕಂಡೇ ಅಣ್ಣನ ಎದೆ ಒಡೆಯಿತು ಎಂದ ಚನ್ನಕೇಶವ. ಯಮನೇ ಇವನ ರೂಪದಲ್ಲಿ ಬಂದ ಎಂದಳು ಹನುಮಕ್ಕ. ಗಂಡು ಮಕ್ಕಳಿಲ್ಲದವನಿಗೆ ಕೊನೇ ನೀರು ಬಿಡಲು ದೇವರೇ ಕಳಿಸಿದ ಎಂದು ಬಾಡಿಗೆ ಮನೆಯ ಹಾಲವ್ವ ಮೆಲ್ಲಗೆ ಹೇಳಿದಳು. ಅವಳೂ ಬಾಗಲಕೋಟೆ ಕಡೆಯವಳಾದ್ದರಿಂದ ಅವಳ ಮಾತು ಯಾರೂ ಎಣಿಸಲಿಲ್ಲ.

ಹೀಗಾಗಿ ತಾರಸಿಯ ಮೇಲೆ ಎಲ್ಲರೂ ಕಾಗೆಗೆ ಮಾತು ಕೊಡಲು ನಿಂತರು. ಕಾಗೆ ಬಾರದಿದ್ದರೆ ಹಾಗೇ ಮಾಡುವುದು. ಸತ್ತವನಿಗೆ ಯಾವುದರ ಚಿಂತೆ ಇದೆಯೋ ಅದನ್ನು ನಡೆಸಿಕೊಡುತ್ತೇವೆ ಎಂದು ಕೂಗಿ ಹೇಳಬೇಕು. ಸರಿಯಾದ ಮಾತು ಬಿದ್ದ ಕ್ಷಣ ಕಾಗೆ ಇಳಿಯುತ್ತದೆ.

“ನಿನ್ನ ಹೆಂಡ್ತಿನ ಕೈ ಬಿಡಲ್ಲ ಕಣೋ ಮಗಾ, ಬಾರಪ್ಪಾ” ಎಂದು ಹನುಮಕ್ಕ ಸೆರಗು ಹಿಡಿದು ಬೇಡಿದಳು.

ಕಾಗೆ ರೆಕ್ಕೆ ಕೆರೆದುಕೊಂಡಿತು.

“ವರ್ಷವರ್ಷ ತಪ್ಪದೆ ಎಡೆ ಇಡ್ತೀವಿ ಅಣ್ಣಾ” ಎಂದಳು ಸತ್ತವನ ತಂಗಿ ಜಲಜಾ.

ಏನೂ ಇಲ್ಲ.

“ಆ ಬ್ರಾಂಡಿ ಮುಚ್ಚಳನಾದ್ರೂ ತೆಗೀರಪ್ಪ. ಕಾಗೆಗೇನು ಕೈ ಇದೆಯಾ?” ಎಂದರು ಹಿಂದಿನಿಂದ ಯಾರೋ. ಮುಚ್ಚಳ ತೆಗೆದರು. ಅದಕ್ಕೂ ಬರಲಿಲ್ಲ.

ಬಿಸಿಲು ಏರುತ್ತಿತ್ತು. ಕೆಳಗೆ ಶಾಮಿಯಾನದಲ್ಲಿ ಹಸಿದ ಮಕ್ಕಳು ಅಳುತ್ತಿದ್ದವು. ಅಡುಗೆಯವನು ಎರಡು ಸಲ ಮೆಟ್ಟಿಲು ಹತ್ತಿ ಬಂದು ಇಣುಕಿ ಹೋದ. ಜನ ಒಬ್ಬೊಬ್ಬರಾಗಿ ಕವನಾಳ ಕಡೆ ನೋಡತೊಡಗಿದರು. ಅವಳು ನೀರಿನ ಟ್ಯಾಂಕಿಗೆ ಒರಗಿ, ತುಟಿ ಕಚ್ಚಿ ನಿಂತಿದ್ದಳು. ಅವಳೆದುರಿಗೆ ಪ್ಯಾರಾಪೆಟ್ಟಿನ ಹತ್ತಿರ ಲತಾ.

ಲತಾಳ ಸ್ವಭಾವ ಗೊತ್ತಿರಬೇಕು. ಅವಳಿಗೆ ಯಾವುದೂ ಸುಮ್ಮನೆ ಆಗುವುದಿಲ್ಲ. ತಂಗಿಯನ್ನು ನೆನೆದಾಗಲೇ ತಂಗಿಯ ಫೋನು ಬಂದರೆ ಅದರಲ್ಲಿ ಏನೋ ಇದೆ. ಗಂಡ ಬಿದ್ದ ಹೊತ್ತಿಗೇ ಇಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತ್ತು. ಅದನ್ನು ಅವಳು ಎಲ್ಲರಿಗೂ ಹೇಳಿದ್ದಳು. ಮಗಳು ದುಂಡೇಶನ ವಿಷಯ ಹೇಳಿ ಕಾಲು ಹಿಡಿದಾಗ ಅವಳಿಗೆ ಬೇಡವೆನಿಸಿರಲಿಲ್ಲ. ಹುಡುಗನನ್ನು ನೋಡಿದ್ದಳು. ಫಿಲ್ಟರ್ ಬಿಚ್ಚಿದ ಮೇಲೆ ನೆಲಕ್ಕೆ ಬಿದ್ದ ನೀರನ್ನು ಅವನೇ ಬಟ್ಟೆ ಕೇಳಿ ಒರೆಸಿದ್ದ. ಗಂಡನ ಹತ್ತಿರ ಮಾತಾಡಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಆದರೆ ಒಂದು ಗುರುತು ಬೇಕಿತ್ತು. ಬಸ್ ಸ್ಟಾಪಿನಲ್ಲಿ ನಿಂತು, ಮುಂದೆ ಬರುವ ಬಸ್ಸು ಕೆಂಗೇರಿಯದಾದರೆ ಇವತ್ತೇ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಮೆಜೆಸ್ಟಿಕ್‌ ಬಸ್ಸು ಬರುತ್ತಿತ್ತು. ಬೆಳಿಗ್ಗೆ ಹಲ್ಲಿ ಲೊಚಗುಟ್ಟಿದರೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಹಲ್ಲಿ ಲೊಚಗುಟ್ಟುತ್ತಿತ್ತು, ಆದರೆ ಎಡಗಡೆ. ಒಮ್ಮೆ ಮಗಳಿಗೂ ಅದನ್ನೇ ಹೇಳಿದ್ದಳು. ಹೀಗೇ ದಿನ ಹೋದವು. ಗಂಡನೂ ಹೋದ.

ಈಗ ಕಾಗೆಯ ಕಡೆ ನೋಡುತ್ತ ನಿಂತಿದ್ದ ಅವಳಿಗೆ ಇದ್ದಕ್ಕಿದ್ದಂತೆ ಹೊಟ್ಟೆಯೊಳಗಿಂದ ಮಾತು ಬಂತು. ಬಾಯಿ ಬಿಡಲಿಲ್ಲ. ಮನಸ್ಸಿನಲ್ಲೇ ಅಂದಳು. ‘ರೀ, ಕವನಾ ಕೇಳಿದ್ದನ್ನ ಅವಳಿಗೆ ಕೊಡ್ತೀನಿ. ನಾನು ಮುಂದೆ ನಿಂತು ಮಾಡ್ತೀನಿ. ಬನ್ನಿ.’

ಅದೇ ಕ್ಷಣಕ್ಕೆ ಚನ್ನಕೇಶವನ ತಾಳ್ಮೆ ಕೆಟ್ಟಿತು. ಬೀಸುತ್ತಿದ್ದ ಟವಲನ್ನು ನೆಲಕ್ಕೆ ಅಪ್ಪಳಿಸಿ, ಆಕಾಶಕ್ಕೆ ಮುಖ ಮಾಡಿ ಅರಚಿದ.

“ನಿನ್ನ ಮಗಳನ್ನ ಆ ದುಂಡೇಶನಿಗೆ ಕೊಡಲ್ಲ ಕಣಣ್ಣಾ! ನಿನ್ನಾಣೆ ಕೊಡಲ್ಲ! ಬಂದು ಮುಟ್ಟೋ!”

ಕಾಗೆ ಆಂಟೆನಾ ಬಿಟ್ಟು ಸೀದಾ ಎಲೆಯ ಮೇಲೆ ಇಳಿಯಿತು. ಕೋಳಿಯ ತುಂಡೊಂದನ್ನು ಕಚ್ಚಿಕೊಂಡು ಹಾರಿತು.

ತಾರಸಿಯೇ ಹೋ ಎಂದಿತು. ಹನುಮಕ್ಕ ಗೋಳೋ ಎಂದು ಅತ್ತಳು. ದಾಸಯ್ಯ ಮತ್ತೆ ಶಂಖ ಊದಿದ. ಜನ ದಡದಡ ಕೆಳಗಿಳಿದು ಎಲೆಯ ಮುಂದೆ ಕೂತರು. ಬಾಯಿ ಬಾಯಿಗೆ ಒಂದೇ ಮಾತು. ಮೋಹನ್ ಕುಮಾರ ಬಂದು ಹೇಳಿಹೋದ, ಆ ಹುಡುಗ ಬೇಡ ಅಂತ.

ಲತಾ ಕಲ್ಲಾಗಿ ನಿಂತಿದ್ದಳು. ಎರಡು ಮಾತು ಒಂದೇ ಉಸಿರಿಗೆ ಬಿದ್ದಿದ್ದವು. ಒಂದನ್ನು ಊರು ಕೇಳಿತ್ತು. ಇನ್ನೊಂದು ಅವಳೊಬ್ಬಳಿಗೇ ಗೊತ್ತಿತ್ತು.

ಊಟ ಮುಗಿದು ಜನ ಕರಗಿದ ಮೇಲೆ ಶುರುವಾದದ್ದೇ ಈ ಜಗಳ.

“ಚಿಕ್ಕಪ್ಪ, ನಾನು ನೋಡಿದ್ದು ಹೇಳ್ತೀನಿ ಕೇಳಿ” ಎಂದಳು ಕವನಾ. “ಅಷ್ಟು ಹೊತ್ತು ನೀವೇ ಟವಲ್ ಬೀಸ್ತಾ ಇದ್ರಿ. ಕಾಗೆ ಹೆದರಿ ಕೂತಿತ್ತು. ಟವಲ್ ಬಿಸಾಕಿದ್ರಿ, ಅದು ಬಂತು. ನೀವು ‘ಈರುಳ್ಳಿ ಕೆಜಿ ನಲವತ್ತು’ ಅಂತ ಕೂಗಿದ್ರೂ ಬರ್ತಿತ್ತು.”

ಹಿತ್ತಲಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಚನ್ನಕೇಶವನ ಮುಖ ಕೆಂಡವಾಯಿತು.

“ಯಾವಳೇ ಅದು ನಗೋದು? ಅತ್ತಿಗೆ, ಕೇಳಿದ್ರಾ ನಿಮ್ಮ ಮಗಳ ಮಾತು? ಹೆತ್ತಪ್ಪನ ಆತ್ಮನ ಈರುಳ್ಳಿಗೆ ಹೋಲಿಸ್ತಾಳೆ! ಓದ್ಸಬೇಡಿ ಅಂದ್ರೂ ಓದ್ಸಿದ್ರಿ. ಈಗ ಅನುಭವಿಸಿ.”

“ಅಜ್ಜಿ ಕೂಗಿದಾಗ ಬರಲಿಲ್ಲ, ಅದು ಕಾಗೆ. ಜಲಜತ್ತೆ ಕೂಗಿದಾಗ ಬರಲಿಲ್ಲ, ಆಗ್ಲೂ ಕಾಗೆ. ನೀವು ಕೂಗಿದ್ರಿ, ಬಂತು, ತಕ್ಷಣ ಅದು ನಮ್ಮಪ್ಪ ಆಗೋಯ್ತಾ?”

“ಹಂಗಾದ್ರೆ ಆವತ್ತು ಕೆರೆ ರಸ್ತೆಗೆ ಅವನು ಬಂದನಲ್ಲ, ಅದೇನು? ನೀನೇ ತಾನೆ ಹಾಡಿ ಹೊಗಳಿದ್ದು, ನೀರು ಬಿಟ್ಟ, ನೀರು ಬಿಟ್ಟ ಅಂತ? ನಿನಗೆ ಬೇಕಾದಾಗ ದೈವ, ಬೇಡದಿದ್ರೆ ಕಾಗೆನಾ?”

ಈ ಮಾತು ಕವನಾಳಿಗೆ ತಾಗಿತು.

“ಅವನು ಆ ರಸ್ತೆಗೆ ಬಂದಿದ್ದು ಸುಮ್ನೆ ಬಂದಿದ್ದು ಚಿಕ್ಕಪ್ಪ. ಉಲ್ಲಾಳದಲ್ಲಿ ಯಾರದೋ ಮನೆ ಫಿಲ್ಟರ್ ಕೆಟ್ಟಿತ್ತು, ಬಂದ. ದೇವರು ಕಳಿಸಿದ ಅಂತ ನಾನು ಒಂದು ದಿನಾನೂ ಅಂದಿಲ್ಲ. ನೀರು ಬಿಟ್ಟಿದ್ದು ಮಾತ್ರ ಸುಮ್ನೆ ಅಲ್ಲ. ಅಪ್ಪನ ಗುರುತು ಹಿಡಿದ, ತನ್ನನ್ನ ಬೈದೋರು ಅಂತ ಗೊತ್ತಿದ್ದೂ ಇಳಿದ. ಸುತ್ತ ಅಷ್ಟು ಜನ ನಿಂತಿದ್ರಲ್ಲ, ಅವರಿಗೂ ಅದೇ ರಸ್ತೆ, ಅದೇ ಹೊತ್ತು. ಅವರು ಮೊಬೈಲ್ ತೆಗೆದ್ರು.”

“ಮುಖ ನೋಡಿ ಸತ್ತ ನಮ್ಮಣ್ಣ!”

“ನೀವು ಅಲ್ಲಿದ್ರಾ?”

“ಏಯ್!”

“ಇದ್ರಾ ಅಂತ ಕೇಳಿದೆ.”

ಚನ್ನಕೇಶವ ಫೋಟೋದ ಕಡೆ ಬೆರಳು ತೋರಿಸಿದ. “ಇವತ್ತು ಅಣ್ಣನ ಮುಂದೆ ಹೇಳ್ತಾ ಇದೀನಿ. ಶ್ರಾವಣದಲ್ಲಿ ನಮ್ಮ ಸೀನನ ಮಗನ ಜೊತೆ ನಿನ್ನ ಮದುವೆ. ಅಣ್ಣನ ಮೇಲೆ ಆಣೆ ಇಟ್ಟಾಗಿದೆ, ಅವನು ಒಪ್ಪಿ ಎಡೆ ಮುಟ್ಟಿ ಹೋಗಿದಾನೆ. ಆಣೆ ಮುರಿದ್ರೆ ಈ ಮನೆಗೆ ಇನ್ನೊಂದು ಹೆಣ. ಯಾರದು ಬೇಕು ಹೇಳು, ನಂದಾ? ನಿಮ್ಮಜ್ಜಿದಾ?”

ಹನುಮಕ್ಕ ಎದೆ ಬಡಿದುಕೊಂಡಳು. “ಒಪ್ಕೊಳೇ, ತಾಯಿ. ಅವನು ಪಿಶಾಚಿಯಾಗಿ ಅಲೆಯೋ ಹಂಗೆ ಮಾಡಬೇಡ ಕಣೇ.”

ಕವನಾ ತಾಯಿಯ ಕಡೆ ತಿರುಗಿದಳು. ಆ ನೋಟ ಹೊಸದಲ್ಲ. ಯುಗಾದಿಯಿಂದ ಲತಾ ಅದನ್ನು ತಪ್ಪಿಸಿಕೊಂಡೇ ಓಡಾಡಿದ್ದಳು. ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ, ಊಟಕ್ಕೆ ಬಡಿಸುವಾಗ. ನೀನೊಂದು ಮಾತು ಹೇಳಮ್ಮ ಎನ್ನುವ ನೋಟ.

ಈ ಸಲ ಲತಾ ಎದ್ದು ನಿಂತಳು.

“ಆ ಹೊತ್ತಿಗೆ ನಾನೂ ಒಂದು ಮಾತು ಕೊಟ್ಟೆ” ಎಂದಳು.

“ಏನು?” ಚನ್ನಕೇಶವ ತಿರುಗಿದ.

“ನೀವು ಕೂಗಿದ್ರಲ್ಲ, ಅದೇ ಹೊತ್ತಿಗೆ ನಾನು ಮನಸ್ಸಲ್ಲಿ ಹೇಳ್ಕೊಂಡೆ. ಕವನಾ ಕೇಳಿದ ಹುಡುಗನಿಗೇ ಕೊಡ್ತೀನಿ ಬನ್ನಿ ಅಂತ. ಅದಕ್ಕೇ ಅವರು ಬಂದಿದ್ದು. ನಿಮ್ಮ ಮಾತಿಗಲ್ಲ.”

ಚನ್ನಕೇಶವ ಮೊದಲು ಅವಳನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ, ಆಮೇಲೆ ನಕ್ಕ. “ಭಲೇ ಅತ್ತಿಗೆ! ಮನಸ್ಸಲ್ಲಿ! ಮನಸ್ಸಲ್ಲಿ ನಾನೂ ಮಂತ್ರಿ ಆಗಿದೀನಿ. ಕೂಗಿ ಹೇಳಬೇಕಿತ್ತು. ಇಷ್ಟು ಹೊತ್ತು ಬಾಯಿಗೆ ಏನು ಬೀಗ ಹಾಕಿತ್ತಾ? ಮಗಳು ಕಣ್ಣು ಬಿಟ್ಟ ಮೇಲೆ ನೆನಪಾಯ್ತಾ?”

“ಸುಳ್ಳಲ್ಲ.”

“ಸುಳ್ಳೇ!”

ಹನುಮಕ್ಕ ಕೈ ಎತ್ತಿ ಮಗನನ್ನು ತಡೆದಳು. ಅಳು ನಿಂತಿತ್ತು. ಸೊಸೆಯನ್ನೇ ದಿಟ್ಟಿಸಿ ನೋಡಿ, “ದೀಪ ಮುಟ್ಟಿ ಹೇಳು” ಎಂದಳು.

ಗಂಡ ಸತ್ತ ಹನ್ನೊಂದನೇ ದಿನ, ಅವನ ಫೋಟೋದ ಮುಂದಿನ ದೀಪ ಮುಟ್ಟಿ ಸುಳ್ಳು ಹೇಳುವ ಹೆಂಗಸು ಆ ಮನೆತನದಲ್ಲಿ ಹುಟ್ಟಿಲ್ಲ, ಆ ಮನೆಗೆ ಬಂದಿಲ್ಲ. ಚನ್ನಕೇಶವನಿಗೂ ಅದು ಗೊತ್ತಿತ್ತು. ಅವನ ನಗು ಆರಿತು.

ಲತಾ ಬಗ್ಗಿದಳು. ಕಂಚಿನ ದೀಪ ಬೆಳಗಿನಿಂದ ಉರಿದು ಕಾದಿತ್ತು. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

“ಇವರ ಮೇಲಾಣೆ. ಆ ಹೊತ್ತಿಗೇ ಹೇಳಿದೆ. ಕಾಗೆ ಇಳಿಯೋ ಮೊದಲೇ ಹೇಳಿದೆ.”

ಅಂಗೈ ಚುರುಗುಟ್ಟಿದರೂ ಮಾತು ಮುಗಿಯುವ ತನಕ ಬಿಡಲಿಲ್ಲ.

ಹನುಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಕೇಶವ, ಕಟ್ಟಿಕೊಂಡೋಳ ಮಾತು ದೊಡ್ಡದು ಕಣಪ್ಪ. ತಮ್ಮನ ಮಾತಿಗಿಂತ ಅವನು ಅದನ್ನೇ ಕೇಳಿರ್ತಾನೆ” ಎಂದಳು.

“ಅವ್ವಾ, ನೀನೂನಾ?”

“ದೀಪ ಮುಟ್ಟಿದಾಳಲ್ಲೋ!”

ಚನ್ನಕೇಶವ ಕುರ್ಚಿಯನ್ನು ಒದ್ದು ಗೋಡೆಗೆ ಮುಖ ಮಾಡಿ ನಿಂತ. ಹಿತ್ತಲಿನ ಬಾಗಿಲಲ್ಲಿ ಹೆಂಗಸರ ತಲೆಗಳು ಕಾಣಿಸಿಕೊಂಡವು. ಹಾಲವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಲತಾ ಸುಟ್ಟ ಅಂಗೈಗಳನ್ನು ಮುಂದೆ ಹಿಡಿದುಕೊಂಡೇ ಮಗಳ ಕಡೆ ಬಂದಳು. ಮುಖದಲ್ಲಿ ಬೆಳಕಿತ್ತು. ಗೆದ್ದೆವು ಕಣೇ ಎನ್ನುವ ಹಾಗೆ.

ಕವನಾಳ ಮುಖದಲ್ಲಿ ಬೆಳಕಿರಲಿಲ್ಲ.

“ಅಮ್ಮ, ಕಾಗೆ ಬರದೇ ಇದ್ದಿದ್ರೆ?” ಎಂದಳು.

“ಹಾಂ?”

“ಮನಸ್ಸಲ್ಲಿ ಅಂದ್ಕೊಂಡೆ ಅಂದ್ಯಲ್ಲ. ಅದು ಬರದೆ ಆಂಟೆನಾ ಮೇಲೇ ಕೂತಿದ್ದಿದ್ರೆ ಏನು ಮಾಡ್ತಿದ್ದೆ?”

“ಬಂತಲ್ಲೇ. ಈಗ ಯಾಕೆ ಅದು?”

“ಬರಲಿಲ್ಲ ಅಂದ್ಕೋ.”

ಲತಾ ಬಾಯಿ ತೆರೆದಳು. ಉತ್ತರ ನಾಲಿಗೆಯ ಮೇಲೆ ಇರಬೇಕಿತ್ತು. ಒಂದೇ ಮಾತು. ಆಗಲೂ ನಿನ್ನ ಕಡೆಗೇ ನಿಲ್ತಿದ್ದೆ ಎಂದರೆ ಸಾಕಿತ್ತು. ಅವಳು ಗಂಡನ ಫೋಟೋ ನೋಡಿದಳು. ಅತ್ತೆಯನ್ನು ನೋಡಿದಳು. ಕೊನೆಗೆ ಮೇಲೆ, ಗೋಡೆಯ ಮೂಲೆಯ ಕಡೆ ನೋಡಿದಳು. ಅಲ್ಲಿ ಹಲ್ಲಿ ಇದೆಯೇ ಎಂದು ಹುಡುಕುವ ಹಾಗೆ.

ಕವನಾ ಅದನ್ನು ನೋಡಿದಳು.

“ಆಯ್ತು ಬಿಡಮ್ಮ” ಎಂದಳು. ದನಿ ಏರಲಿಲ್ಲ. ಅಷ್ಟು ಹೊತ್ತು ಚಿಕ್ಕಪ್ಪನ ಮೇಲೆ ಹಾರಾಡಿದವಳ ದನಿ ಅದಲ್ಲ. “ಚಿಕ್ಕಪ್ಪನಾದ್ರೂ ಪರವಾಗಿಲ್ಲ. ಬೇಡ ಅಂತ ಅವರೇ ಹೇಳಿದ್ರು, ಬಾಯಿ ಬಿಟ್ಟು ಹೇಳಿದ್ರು. ನಿನಗೆ ಹೂಂ ಅನ್ನೋಕೆ ಬಸ್ಸು ಬೇಕು, ಹಲ್ಲಿ ಬೇಕು, ಕಾಗೆ ಬೇಕು. ನಾಳೆ ನನ್ನ ಮದುವೆ ದಿನ ಬೆಕ್ಕು ಅಡ್ಡ ಬಂದ್ರೆ? ಅವತ್ತು ಮತ್ತೆ ಊಹೂಂ ಅಂತೀಯಾ?”

“ಹಂಗೆ ಯಾಕೆ ಅಂತೀಯೇ? ನಾನು ದೀಪ ಮುಟ್ಟಿದೆನಲ್ಲೇ, ಕೈ ನೋಡೇ…”

“ನೋಡಿದೆ.” ಅವಳು ತಾಯಿಯ ಮಣಿಕಟ್ಟು ಹಿಡಿದು ಅಂಗೈಗಳನ್ನು ನೋಡಿದಳು. “ಹಾಲವ್ವ, ಒಂದು ಬೋಗುಣಿ ನೀರು ತನ್ನಿ. ಅಮ್ಮನ ಕೈ ಅದರಲ್ಲಿಡಿ.”

ಹಾಲವ್ವ ನೀರು ತಂದಳು. ಕವನಾ ಒಳಗೆ ಹೋಗಿ ಶಾಲೆಗೆ ಒಯ್ಯುವ ಬ್ಯಾಗು ತಗೊಂಡಳು. ಫೋಟೋದ ಮುಂದೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚಪ್ಪಲಿ ಮೆಟ್ಟಿದಳು.

“ಹೋಗು! ಹೊಸಿಲು ದಾಟಿದ್ರೆ ತಿರುಗಿ ಬರಬೇಡ!” ಚನ್ನಕೇಶವ ಗೋಡೆಯ ಕಡೆಯಿಂದಲೇ ಕೂಗಿದ. ಅವನ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ತಡೀರೋ ಅವಳನ್ನ!” ಎಂದಳು ಹನುಮಕ್ಕ. ಯಾರೂ ಅಲ್ಲಾಡಲಿಲ್ಲ.

ರಸ್ತೆಯ ಆಚೆ, ಟೀ ಅಂಗಡಿಯ ಪಕ್ಕ, ಬೆಳಗಿನಿಂದ ದುಂಡೇಶ ಬೈಕಿನ ಹತ್ತಿರ ನಿಂತೇ ಇದ್ದ. ತಿಥಿಗೆ ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ, ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಶಾಮಿಯಾನ ಬಿಚ್ಚುತ್ತಿದ್ದವರ ನಡುವೆ ಕವನಾ ಬರುವುದನ್ನು ಕಂಡು ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದ.

“ಏನಾತು? ಒಪ್ಪಿದ್ರೇನು?”

“ಒಪ್ಪಿದ್ರು” ಎಂದಳು ಕವನಾ. “ನಡಿ.”

“ಒಪ್ಪಿದ್ರ ಮತ್ಯಾಕ ಬ್ಯಾಗ್ ತಂದಿ? ಅಳಾಕ್ಹತ್ತೀಯಲ್ಲ?”

“ಬೈಕ್ ತೆಗಿ ದುಂಡೇಶ.”

ಲತಾ ನೀರಿನಿಂದ ಕೈ ಕಿತ್ತು ಗೇಟಿನ ತನಕ ಓಡಿ ಬಂದಳು. “ಕವನಾ! ನಿಲ್ತಿದ್ದೆ ಕಣೇ! ಕಾಗೆ ಬರದಿದ್ರೂ ನಿಲ್ತಿದ್ದೆ!” ಎಂದು ಬೀದಿಗೆ ಕೇಳುವಂತೆ ಕೂಗಿದಳು. ಜೀವಮಾನದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಬೈಕು ಆಗಲೇ ಕೆರೆ ರಸ್ತೆಯ ತಿರುವಿನಲ್ಲಿತ್ತು. ಶಾಮಿಯಾನದ ಕಬ್ಬಿಣದ ಪೈಪುಗಳನ್ನು ಟೆಂಪೋಗೆ ಎಸೆಯುವ ಸದ್ದಿನಲ್ಲಿ ಆ ಮಾತು ಎಷ್ಟು ದೂರ ಹೋಯಿತೋ ಯಾರಿಗೂ ಗೊತ್ತಿಲ್ಲ.

ಕವನಾ ಅಂದು ರಾತ್ರಿ ಬರಲಿಲ್ಲ. ಆ ವಾರವೂ ಬರಲಿಲ್ಲ. ಲತಾ ಫೋನು ಮಾಡಿದರೆ ಎತ್ತುತ್ತಿದ್ದಳು. ಕೈ ವಾಸಿಯಾಯಿತೇ ಎಂದು ಕೇಳುತ್ತಿದ್ದಳು. ಬಾ ಎಂದರೆ ಇಟ್ಟುಬಿಡುತ್ತಿದ್ದಳು.

ತಿಂಗಳು ತುಂಬಿದ ದಿನ ಮತ್ತೆ ತಾರಸಿಯ ಮೇಲೆ ಎಡೆ ಇಟ್ಟರು. ಮನೆಯವರಷ್ಟೇ ಇದ್ದರು. ಚನ್ನಕೇಶವ ಟವಲನ್ನು ಹೆಗಲ ಮೇಲೇ ಬಿಟ್ಟು ದೂರ ನಿಂತಿದ್ದ. ಲತಾ ಎಲೆ ಇಟ್ಟು ಇನ್ನೂ ಹಿಂದೆ ಸರಿದಿರಲಿಲ್ಲ, ಕಾಗೆ ಬಂದು ಅವಳ ಕೈಯ ಪಕ್ಕದಲ್ಲೇ ಇಳಿದು ತಿನ್ನತೊಡಗಿತು.

ಯಾರೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಹನುಮಕ್ಕ ಮಗನ ಮುಖ ನೋಡಿದಳು. ಮಗ ನೆಲ ನೋಡಿದ. ಲತಾ ಕಾಗೆಯ ಕಡೆ ನೋಡಲೇ ಇಲ್ಲ. ಪ್ಯಾರಾಪೆಟ್ಟಿಗೆ ಹೋಗಿ ಕೆರೆ ರಸ್ತೆಯ ಕಡೆ ನೋಡುತ್ತ ನಿಂತಳು. ಕೆಂಗೇರಿಯ ಬಸ್ಸು ಬಂತು. ನಿಂತಿತು. ಯಾರೋ ಇಳಿದರು. ಕವನಾ ಅಲ್ಲ.